ಸವೆದ ಹಲ್ಲನ್ನು ಇನ್ನಷ್ಟು ಕೊರೆಯಬೇಕೇ?

ಪ್ರಶ್ನೆ: ಡಾಕ್ಟರೇ, ನನಗೆ 44 ವರ್ಷ. ಊರು ಕುಂದಾಪುರದ ಕಡೆ. ಮುಂಬಯಿಯ ಒಂದು ಹೋಟೆಲಿನಲ್ಲಿ ಕ್ಯಾಶ್ ಕೌಂಟರ್ ನೋಡಿಕೊಳ್ಳುತ್ತೇನೆ, ಮನೆ ಡೊಂಬಿವಲಿ. ನಾಲ್ಕೈದು ವರ್ಷದಿಂದ ನನ್ನ ಹಲ್ಲುಗಳು ಗಿಡ್ಡ ಆಗುತ್ತಿವೆ. ಮೇಲಿನ ಮುಂದಿನ ಹಲ್ಲುಗಳ ತುದಿ ತೆಳ್ಳಗಾಗಿ ಅಲ್ಲಲ್ಲಿ ಚೂರು ಹಾರಿದೆ. ನಕ್ಕರೆ ಹಲ್ಲೇ ಕಾಣುವುದಿಲ್ಲ. ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ. ದವಡೆ ಹಲ್ಲಿಗೆ ಹಿಂದೆ ಹಾಕಿಸಿದ್ದ ಬೆಳ್ಳಿ ಫಿಲ್ಲಿಂಗ್ ಈಗ ಹಲ್ಲಿಗಿಂತ ಮೇಲೆ ಬಂದ ಹಾಗೆ ನಾಲಿಗೆಗೆ ಸಿಗುತ್ತದೆ. ದಿನಕ್ಕೆ ಮೂರು ನಾಲ್ಕು ನಿಂಬೆ ಸೋಡಾ ಕುಡಿಯುತ್ತೇನೆ, ಊಟದ ಮೇಲೆ ಎಲೆ ಅಡಿಕೆ ಬೇಕು. ರಾತ್ರಿ ಮನೆ ಮುಟ್ಟುವಾಗ 12 ದಾಟುತ್ತದೆ, ಉಂಡು ಮಲಗಿಬಿಡುತ್ತೇನೆ. ಎದೆಯುರಿ ಇದೆ, ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುತ್ತೇನೆ. ನಿದ್ದೆಯಲ್ಲಿ ಹಲ್ಲು ಕಡಿಯುತ್ತೇನೆ ಎಂದು ಹೆಂಡತಿ ಹೇಳುತ್ತಾಳೆ. ಒಬ್ಬ ದಂತವೈದ್ಯರು, ಎಲ್ಲ 28 ಹಲ್ಲಿಗೂ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕು, ಮೂರೂವರೆ ಲಕ್ಷ ಆಗುತ್ತದೆ ಎಂದರು. ಇನ್ನೊಬ್ಬರು, ವಯಸ್ಸಾದ ಹಾಗೆ ಹಲ್ಲು ಸವೆಯುತ್ತದೆ, ಪೇಸ್ಟ್ ಬದಲಿಸಿ ಸಾಕು ಎಂದರು. ಯಾರ ಮಾತು ಕೇಳಲಿ? 7 ವರ್ಷದ ಮಗಳೂ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾಳೆ. ಅವಳಿಗೂ ಹೀಗೇ ಆಗುತ್ತದಾ?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ಒಬ್ಬರು ಜಾಸ್ತಿ ಹೇಳಿದ್ದಾರೆ, ಇನ್ನೊಬ್ಬರು ಕಡಿಮೆ ಹೇಳಿದ್ದಾರೆ. ನಿಮ್ಮ ಪತ್ರ ನೋಡಿದರೆ, ನಿಮ್ಮ ಹಲ್ಲು ಯಾಕೆ ಸವೆಯುತ್ತಿದೆ ಎಂದು ಇಬ್ಬರೂ ಕೇಳಿದ ಹಾಗಿಲ್ಲ. ಅದನ್ನು ಕೇಳದೆ ಕ್ಯಾಪ್ ಹಾಕಿದರೂ ತಪ್ಪು, ಸುಮ್ನೆ ಬಿಟ್ಟರೂ ತಪ್ಪು.

ಮೊದಲು ವಯಸ್ಸಿನ ಮಾತು. ವಯಸ್ಸಿನ ಜೊತೆ ಹಲ್ಲು ಸವೆಯುವುದು ನಿಜ. ಆದರೆ ಎಷ್ಟು? 1989ರಲ್ಲಿ ಬೆಲ್ಜಿಯಂನ ಸಂಶೋಧಕರು ಪ್ರಕಟಿಸಿದ ಅಳತೆಯ ಪ್ರಕಾರ, ದವಡೆ ಹಲ್ಲಿನ ಎನಾಮೆಲ್, ಅಂದರೆ ಹೊರಗಿನ ಬಿಳಿ ಗಟ್ಟಿ ಪದರ, ಎದುರಿನ ಹಲ್ಲಿಗೆ ತಾಗುವ ಜಾಗದಲ್ಲಿ ವರ್ಷಕ್ಕೆ ಸುಮಾರು 0.03 ಮಿಲಿಮೀಟರ್ ಸವೆಯುತ್ತದೆ. ಮೂವತ್ತು ವರ್ಷಕ್ಕೆ ಲೆಕ್ಕ ಹಾಕಿದರೂ ಒಂದು ಮಿಲಿಮೀಟರ್ ಆಗುವುದಿಲ್ಲ. ದವಡೆ ಹಲ್ಲಿನ ಉಬ್ಬುಗಳ ಮೇಲೆ ಎನಾಮೆಲ್ ಎರಡು ಮಿಲಿಮೀಟರಿನಷ್ಟು, ಕೆಲವರಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ದಪ್ಪ ಇರುತ್ತದೆ. ಅಂದರೆ 44ನೇ ವಯಸ್ಸಿಗೆ ಬರೀ ವಯಸ್ಸಿನಿಂದ ಹಲ್ಲು ಗಿಡ್ಡ ಆಗಿ ನಗುವಾಗ ಕಾಣದಂತೆ ಆಗುವುದಿಲ್ಲ. ನಿಮಗೆ ಬೇರೆ ಏನೋ ಆಗುತ್ತಿದೆ.

ಎನಾಮೆಲ್ ನಮ್ಮ ದೇಹದಲ್ಲೇ ಅತಿ ಗಟ್ಟಿ ವಸ್ತು. ತೂಕದಲ್ಲಿ ನೂರಕ್ಕೆ ಸುಮಾರು 96 ಭಾಗ ಬರೀ ಖನಿಜ. ಅದರೊಳಗೆ ಜೀವಕೋಶ ಇಲ್ಲ. ಹಾಗಾಗಿ ಮೂಳೆಯ ಹಾಗೆ ಅದು ಮತ್ತೆ ಬೆಳೆಯುವುದಿಲ್ಲ, ಹೋದದ್ದು ಹೋಯಿತು. ಅದರ ಕೆಳಗಿನ ಪದರ ಡೆಂಟಿನ್. ಅದು ಹಳದಿ, ಮೆತ್ತಗೆ, ಬೇಗ ಸವೆಯುತ್ತದೆ. ಅದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳಿವೆ. ಎನಾಮೆಲ್ ಹೋಗಿ ಆ ಕೊಳವೆಗಳ ಬಾಯಿ ತೆರೆದರೆ, ತಣ್ಣೀರು ತಾಗಿದಾಗ ಒಳಗಿನ ದ್ರವ ಅಲುಗಾಡಿ ನರಕ್ಕೆ ಸುದ್ದಿ ಹೋಗುತ್ತದೆ. ನಿಮಗೆ ಜುಮ್ಮೆನ್ನುವುದು ಅದಕ್ಕೇ.

ಹಲ್ಲು ಸವೆಯುವ ದಾರಿ ಮುಖ್ಯವಾಗಿ ಮೂರು. ಹಲ್ಲಿಗೆ ಹಲ್ಲು ಉಜ್ಜುವುದು ಒಂದು. ಬ್ರಷ್, ಹಲ್ಲುಪುಡಿ, ಅಡಿಕೆಯಂಥ ಹೊರಗಿನ ವಸ್ತು ಉಜ್ಜುವುದು ಇನ್ನೊಂದು. ಮೂರನೆಯದು ಆಮ್ಲ, ಅಂದರೆ ಹುಳಿ. ಹಲ್ಲು ಹುಳುಕಾದಾಗ ಆಮ್ಲ ಮಾಡುವುದು ಬ್ಯಾಕ್ಟೀರಿಯಾ. ಇಲ್ಲಿ ಆಮ್ಲ ನೇರವಾಗಿ ತಿಂಡಿ ಪಾನೀಯದಿಂದ ಬರುತ್ತದೆ, ಇಲ್ಲವೇ ಹೊಟ್ಟೆಯಿಂದ ಮೇಲೆ ಬರುತ್ತದೆ. ಈ ಮೂರರಲ್ಲಿ ಒಂದೇ ಒಂದು ಇರುವ ರೋಗಿಗಳು ಕಡಿಮೆ. ಮೂರೂ ಕೂಡಿ ಕೆಲಸ ಮಾಡುತ್ತವೆ. ಆಮ್ಲ ಎನಾಮೆಲ್‌ನ ಮೇಲ್ಪದರವನ್ನು ಮೆತ್ತಗೆ ಮಾಡುತ್ತದೆ. ಮೆತ್ತಗಾದದ್ದನ್ನು ಬ್ರಷ್ಷೋ, ಎದುರು ಹಲ್ಲೋ, ಅಡಿಕೆಯೋ ಒರೆಸಿಕೊಂಡು ಹೋಗುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಬಾಳುವ ಮಾತು ಆ ಬೆಳ್ಳಿ ಫಿಲ್ಲಿಂಗಿನದು. ಫಿಲ್ಲಿಂಗ್ ಮೇಲೆ ಬಂದಿಲ್ಲ. ಅದರ ಸುತ್ತಲಿನ ಹಲ್ಲು ಕೆಳಗೆ ಹೋಗಿದೆ. ಮಳೆಗೆ ಮಣ್ಣು ಕೊಚ್ಚಿಹೋಗಿ ದಾರಿಯ ಕಲ್ಲು ಎದ್ದು ಕಾಣುವ ಹಾಗೆ. ಬರೀ ಹಲ್ಲು ಕಡಿಯುವುದರಿಂದ ಸವೆದಿದ್ದರೆ ಫಿಲ್ಲಿಂಗೂ ಹಲ್ಲೂ ಒಟ್ಟಿಗೇ ಸವೆದು ಒಂದೇ ಮಟ್ಟಕ್ಕೆ ಬರಬೇಕಿತ್ತು, ಅಲ್ವಾ? ಬೆಳ್ಳಿ ಫಿಲ್ಲಿಂಗ್ ಬಾಯಿಯ ಆಮ್ಲಕ್ಕೆ ಕರಗುವುದಿಲ್ಲ, ಹಲ್ಲು ಕರಗುತ್ತದೆ. ಹಾಗಾಗಿ ನಿಮ್ಮ ಬಾಯಲ್ಲಿ ಆಮ್ಲದ ಕೈವಾಡ ದೊಡ್ಡದು ಎಂಬುದು ನನ್ನ ಅನುಮಾನ. ಹಲ್ಲು ಕಡಿತ ಅದಕ್ಕೆ ಜೊತೆಗೂಡಿದೆ.

ಈಗ ಒಂದು ಕೆಲಸ ಮಾಡಿ. ಬಚ್ಚಲ ಕನ್ನಡಿಯ ಎದುರು ನಿಂತು, ಬಾಯೊಳಗೆ ಸಣ್ಣ ಕನ್ನಡಿ ಹಿಡಿದು, ಫೋನಿನ ಟಾರ್ಚ್ ಹಾಕಿ ಮೇಲಿನ ಮುಂದಿನ ಹಲ್ಲುಗಳ ಹಿಂಭಾಗ ನೋಡಿ. ನಾಲಿಗೆ ತಾಗುವ ಆ ಕಡೆ ನುಣ್ಣಗೆ, ಹಳದಿಯಾಗಿ, ಒಳಕ್ಕೆ ಬಾಗಿದ ಹಾಗಿದ್ದು, ಒಸಡಿನ ಹತ್ತಿರ ಮಾತ್ರ ಬಿಳಿ ಎನಾಮೆಲ್‌ನ ತೆಳು ಅಂಚು ಉಳಿದಿದ್ದರೆ, ಆಮ್ಲ ಬಹುತೇಕ ಹೊಟ್ಟೆಯಿಂದಲೇ ಬರುತ್ತಿದೆ. ಹೊಟ್ಟೆಯ ಆಮ್ಲದ ಪಿಎಚ್ 1ರಿಂದ 2ರ ಆಸುಪಾಸು. ಎನಾಮೆಲ್ ಕರಗಲು ಶುರುವಾಗುವ ಮಟ್ಟ ಸುಮಾರು 5.5. ಪಿಎಚ್ ಎಷ್ಟು ಕಡಿಮೆಯೋ ಹುಳಿ ಅಷ್ಟು ಜೋರು, ಒಂದು ಅಂಕ ಇಳಿದರೆ ಹತ್ತು ಪಟ್ಟು. ಕೆಳಗಿನ ಮುಂದಿನ ಹಲ್ಲುಗಳನ್ನು ನಾಲಿಗೆ ಮತ್ತು ಎಂಜಲು ಕಾಯುತ್ತವೆ. ಹಾಗಾಗಿ ಅವು ಅಷ್ಟಾಗಿ ಹಾಳಾಗಿರುವುದಿಲ್ಲ. ಸವೆತ ಮುಂಭಾಗದಲ್ಲಿ, ತುಟಿ ತಾಗುವ ಕಡೆ ಜಾಸ್ತಿ ಇದ್ದರೆ ಅನುಮಾನ ನಿಂಬೆ ಸೋಡಾದ ಮೇಲೆ ಹೋಗುತ್ತದೆ. ದವಡೆ ಹಲ್ಲಿನ ಉಬ್ಬುಗಳ ತುದಿಯಲ್ಲಿ ಸಣ್ಣ ಸಣ್ಣ ಗುಳಿಗಳಿದ್ದರೆ ಅದೂ ಆಮ್ಲದ ಗುರುತು. ಮೇಲೆ ಕೆಳಗಿನ ಹಲ್ಲುಗಳು ಚಪ್ಪಟೆಯಾಗಿ, ಹೊಳೆಯುತ್ತಾ, ಕೆಳದವಡೆಯನ್ನು ಪಕ್ಕಕ್ಕೆ ಸರಿಸಿದಾಗ ಒಂದಕ್ಕೊಂದು ಸರಿಯಾಗಿ ಕೂರುತ್ತಿದ್ದರೆ ಅದು ಕಡಿತದ್ದು. ಇದನ್ನೆಲ್ಲ ನೋಡಿ ನೀವೇ ತೀರ್ಮಾನ ಮಾಡಬೇಕಿಲ್ಲ. ಆದರೆ ನೋಡಿಕೊಂಡು ಹೋದರೆ ಡಾಕ್ಟರ ಹತ್ತಿರ ಸರಿಯಾದ ಪ್ರಶ್ನೆ ಕೇಳಬಹುದು.

ನಿಂಬೆ ಸೋಡಾದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಿಂಬೆರಸದ ಪಿಎಚ್ 2ರಿಂದ 2.5. ಕೋಲಾಗಳದ್ದೂ 2.5ರ ಹತ್ತಿರ. ಆದರೆ ಎಷ್ಟು ಕುಡಿದಿರಿ ಎನ್ನುವುದಕ್ಕಿಂತ ಎಷ್ಟು ಸಲ, ಎಷ್ಟು ಹೊತ್ತು ಕುಡಿದಿರಿ ಎನ್ನುವುದು ಮುಖ್ಯ. ಊಟದ ಜೊತೆ ಒಂದೇ ಸಲ ಕುಡಿದು ಮುಗಿಸಿದರೆ, ಎಂಜಲು ಸ್ವಲ್ಪ ಹೊತ್ತಿನಲ್ಲೇ ಹುಳಿಯನ್ನು ತೊಳೆದು ತಟಸ್ಥ ಮಾಡುತ್ತದೆ. ಕೌಂಟರಿನ ಮೇಲೆ ಗ್ಲಾಸ್ ಇಟ್ಟುಕೊಂಡು ಗಿರಾಕಿ ಗಿರಾಕಿಗೆ ಒಂದೊಂದು ಗುಟುಕು ಹೀರಿದರೆ ಹಲ್ಲಿಗೆ ಬಿಡುವೇ ಸಿಗುವುದಿಲ್ಲ. ಪುಣೆಯ ಹಿಂಜವಡಿ ಕಡೆಯ ಐಟಿ ಹುಡುಗರಲ್ಲಿ ಇದೇ ಕಥೆ ಬೇರೆ ವೇಷದಲ್ಲಿ ಕಾಣುತ್ತದೆ. ತೂಕ ಇಳಿಸಲು ಬೆಳಿಗ್ಗೆ ಬಿಸಿನೀರಿಗೆ ನಿಂಬೆ, ಇಲ್ಲವೇ ಆ್ಯಪಲ್ ಸೈಡರ್ ವಿನೆಗರ್. ಆಮೇಲೆ ರಾತ್ರಿ ಪಾಳಿಯಲ್ಲಿ ಎನರ್ಜಿ ಡ್ರಿಂಕ್. ಮೂವತ್ತು ತುಂಬುವ ಮೊದಲೇ ಮುಂದಿನ ಹಲ್ಲು ಗಾಜಿನಂತೆ ಪಾರದರ್ಶಕ ಆಗಿರುತ್ತದೆ. ಗೋವಾದವರು ಕೋಕಂ ಶರಬತ್ತಿನ ಬಗ್ಗೆ ಕೇಳುತ್ತಾರೆ. ಅದೂ ಹುಳಿಯೇ, ಆದರೆ ಊಟದ ಜೊತೆ ಒಂದು ಲೋಟ ಕುಡಿದರೆ ನಾನು ಜಗಳ ಮಾಡುವುದಿಲ್ಲ. ನೀವೂ ನಿಂಬೆಯನ್ನು ಪೂರ್ತಿ ಬಿಡಬೇಕಿಲ್ಲ. ದಿನಕ್ಕೆ ಒಂದು, ಅದೂ ಊಟದ ಹೊತ್ತಿಗೆ. ಉಳಿದ ಹೊತ್ತು ನೀರು ಕುಡಿಯಿರಿ, ಇಲ್ಲವೇ ಹೆಚ್ಚು ಹುಳಿಯಿಲ್ಲದ ಮಜ್ಜಿಗೆ. ಸೆಕೆಯಲ್ಲಿ ಬೆವರಿ ಬಾಯಿ ಒಣಗಿದಾಗಲೇ ಸೋಡಾ ಕುಡಿಯುವುದು ಇನ್ನೂ ಕೆಟ್ಟದ್ದು. ಹುಳಿಯನ್ನು ತಡೆಯುವ ಎಂಜಲು ಆಗ ಕಡಿಮೆ ಇರುತ್ತದೆ.

ಎದೆಯುರಿಗೆ ಮೆಡಿಕಲ್ ಶಾಪಿನ ಮಾತ್ರೆ ಸಾಕು ಎಂದುಕೊಳ್ಳಬೇಡಿ. ನಿದ್ದೆಯಲ್ಲಿ ಎಂಜಲು ಹರಿಯುವುದು ತುಂಬ ಕಡಿಮೆ, ನುಂಗುವುದೂ ಕಡಿಮೆ. ಆ ಹೊತ್ತಿಗೆ ಹೊಟ್ಟೆಯಿಂದ ಆಮ್ಲ ಮೇಲೆ ಬಂದರೆ ಹಲ್ಲಿನ ಮೇಲೆ ಕೂತುಬಿಡುತ್ತದೆ. ಉಂಡ ಕೂಡಲೇ ಮಲಗುವುದು ಅದಕ್ಕೆ ಆಹ್ವಾನ ಕೊಟ್ಟ ಹಾಗೆ. ಸಂಜೆ 7-8 ಗಂಟೆಗೆ ಹೋಟೆಲಿನಲ್ಲೇ ಊಟ ಮುಗಿಸಿ, ಮನೆಗೆ ಬಂದ ಮೇಲೆ ಬೇಕಿದ್ದರೆ ಸ್ವಲ್ಪ ಹಾಲು ಕುಡಿಯಿರಿ. ಅನ್ನದ ಹೋಟೆಲಿನಲ್ಲಿ ಕೆಲಸ ಮಾಡುವವರಿಗೇ ಹೊತ್ತಿಗೆ ಸರಿಯಾಗಿ ಊಟ ಇಲ್ಲ ಎಂಬುದು ನನಗೂ ಗೊತ್ತು. ಆದರೂ ಮಾಲೀಕರ ಹತ್ತಿರ ಮಾತಾಡಿ ನೋಡಿ. ಮಂಚದ ತಲೆ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಆರಿಂಚು ಎತ್ತರ ಮಾಡಿ. ಎರಡು ದಿಂಬು ಇಟ್ಟರೆ ಕುತ್ತಿಗೆ ಮಾತ್ರ ಬಾಗುತ್ತದೆ, ಪ್ರಯೋಜನ ಇಲ್ಲ. ಹೊಟ್ಟೆಯ ಡಾಕ್ಟರನ್ನು ಒಮ್ಮೆ ಕಾಣಿ. ನುಂಗಲು ಕಷ್ಟವಾದರೆ, ತೂಕ ತಾನಾಗಿ ಇಳಿದರೆ, ಮಲ ಕಪ್ಪಾದರೆ ಒಂದು ದಿನವೂ ಕಾಯಬೇಡಿ.

ಅಡಿಕೆಯ ವಿಷಯದಲ್ಲಿ ನಾನು ಮುಲಾಜು ಇಟ್ಟುಕೊಳ್ಳುವುದಿಲ್ಲ. ಒಣ ಅಡಿಕೆಯನ್ನು ವರ್ಷಗಟ್ಟಲೆ ಅಗಿದವರ ದವಡೆ ಹಲ್ಲು ಮೇಜಿನ ಹಾಗೆ ಚಪ್ಪಟೆ ಆಗಿರುತ್ತದೆ, ಕೆಲವರದ್ದು ಸೀಳಿರುತ್ತದೆ. ಹಲ್ಲಿನ ವಿಷಯ ಅಷ್ಟಾಯಿತು. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ಹೋಗದಿದ್ದರೆ, ಅಥವಾ ಖಾರ ತಿಂದರೆ ಕೆನ್ನೆಯ ಒಳಗೆ ಉರಿಯುತ್ತಿದ್ದರೆ, ಅಥವಾ ಬಿಳಿ ಇಲ್ಲವೇ ಕೆಂಪು ಮಚ್ಚೆ ಕಂಡರೆ, ಹಲ್ಲಿನ ಸವೆತದ ಮಾತು ಆಮೇಲೆ. ಮೊದಲು ಅದನ್ನು ತೋರಿಸಬೇಕು. ಬಾಯಿ ಬಿಗಿದುಕೊಂಡವರಿಗೆ ಹಿಂದಿನ ದವಡೆ ಹಲ್ಲಿನ ಕೆಲಸ ಮಾಡುವುದೂ ಕಷ್ಟ.

ಮಿಶ್ರಿಯ ಮಾತನ್ನೂ ಇಲ್ಲೇ ಸೇರಿಸುತ್ತೇನೆ, ನಿಮಗಲ್ಲದಿದ್ದರೂ ಓದುವ ಬೇರೆಯವರಿಗೆ. ಗೋವಾದ ವಾಸ್ಕೊ ಕಡೆ ಕೂಲಿಗೆ ಬಂದ ನಮ್ಮ ಉತ್ತರ ಕರ್ನಾಟಕದ ಹೆಂಗಸರಲ್ಲಿ, ಪುಣೆಯ ಹಳೆ ಬಡಾವಣೆಗಳಲ್ಲಿ, ಹುರಿದ ತಂಬಾಕಿನ ಈ ಪುಡಿಯಲ್ಲಿ ಹಲ್ಲುಜ್ಜುವವರು ಇನ್ನೂ ಇದ್ದಾರೆ. ಒಸಡಿನ ಅಂಚಿನಲ್ಲಿ ಹಲ್ಲು ಕೊಡಲಿ ಏಟು ಬಿದ್ದಂತೆ ಕಚ್ಚಾಗಿರುತ್ತದೆ. ಹಲ್ಲುಪುಡಿ, ಪೇಸ್ಟಿನಲ್ಲಿ ತಂಬಾಕು ಹಾಕುವುದನ್ನು ಸರ್ಕಾರ 1992ರಲ್ಲೇ ನಿಷೇಧಿಸಿದೆ. ಆದರೂ ಮಿಶ್ರಿ ನಿಂತಿಲ್ಲ. ಇದ್ದಿಲು, ಬೂದಿ, ಇಟ್ಟಿಗೆ ಪುಡಿಯೂ ಬೇಡ. ಈಗ ಫ್ಯಾಶನ್ ಆಗಿರುವ ಕಪ್ಪು ಇದ್ದಿಲಿನ ಪೇಸ್ಟೂ ಬೇಡ.

ಈಗ ಪರೀಕ್ಷೆ. ಸವೆದ ಹಲ್ಲಿನ ಚಿಕಿತ್ಸೆಗೆ ನುರಿತವರು ಪ್ರಾಸ್ತೊಡಾಂಟಿಸ್ಟ್, ಅಂದರೆ ಹಲ್ಲು ಕಟ್ಟುವುದರಲ್ಲಿ ಎಂಡಿಎಸ್ ಎಂಬ ಸ್ನಾತಕೋತ್ತರ ಪದವಿ ಮಾಡಿದವರು. ಅವರು ಮೊದಲು ಡ್ರಿಲ್ ಕೈಗೆತ್ತಿಕೊಳ್ಳಬಾರದು, ಪೆನ್ನು ಎತ್ತಿಕೊಳ್ಳಬೇಕು. ನಿಮ್ಮ ಊಟ, ಕೆಲಸ, ನಿದ್ದೆ, ಗೊರಕೆ, ಎದೆಯುರಿ, ತೆಗೆದುಕೊಳ್ಳುವ ಮಾತ್ರೆಗಳು, ಎಲ್ಲ ಬರೆದುಕೊಳ್ಳಬೇಕು. ಮಾತ್ರೆ ಯಾಕೆ ಎಂದರೆ, ಅಲರ್ಜಿ ಮತ್ತು ಖಿನ್ನತೆಯ ಕೆಲವು ಔಷಧಿಗಳು ಬಾಯಿ ಒಣಗಿಸುತ್ತವೆ. ಖಿನ್ನತೆಯ ಕೆಲವು ಔಷಧಿಗಳಿಂದ ಹಲ್ಲು ಕಡಿತವೂ ಜಾಸ್ತಿ ಆಗುತ್ತದೆ. ಗೊರಕೆ ಯಾಕೆ ಎಂದರೆ, ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇರುವ ಕೆಲವರಲ್ಲಿ ಹಲ್ಲು ಕಡಿಯುವುದೂ ಕಾಣುತ್ತದೆ. ನಿಮ್ಮ ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ರಾತ್ರಿಯ ಸಾಕ್ಷಿ ಅವರೇ. ಹದಿಹರೆಯದ ಹುಡುಗಿಯರಲ್ಲಿ ಹಲ್ಲಿನ ಹಿಂಭಾಗ ಕರಗಿದ್ದರೆ, ತೂಕದ ಭಯಕ್ಕೆ ವಾಂತಿ ಮಾಡಿಕೊಳ್ಳುತ್ತಿದ್ದಾರಾ ಎಂದು ಮೆಲ್ಲಗೆ, ಬೈಯದೆ ಕೇಳಬೇಕಾಗುತ್ತದೆ. ಅಪ್ಪ ಅಮ್ಮನ ಎದುರಿಗೆ ಅಲ್ಲ.

ಆಮೇಲೆ ಅಳತೆ. 2008ರಲ್ಲಿ ಬಂದ ಒಂದು ಸರಳ ಪದ್ಧತಿ ಇದೆ, ಬಿಇಡಬ್ಲ್ಯುಇ ಎಂದು ಕರೆಯುತ್ತಾರೆ. ಬಾಯಿಯನ್ನು ಆರು ಭಾಗ ಮಾಡಿ, ಪ್ರತಿ ಭಾಗದ ಅತಿ ಕೆಟ್ಟ ಹಲ್ಲಿಗೆ 0ರಿಂದ 3ರವರೆಗೆ ಅಂಕ ಕೊಡುತ್ತಾರೆ. ಮೇಲ್ಮೈಯ ಅರ್ಧಕ್ಕಿಂತ ಕಡಿಮೆ ಭಾಗದಲ್ಲಿ ಸ್ಪಷ್ಟ ನಷ್ಟ ಇದ್ದರೆ 2, ಅರ್ಧ ಅಥವಾ ಜಾಸ್ತಿ ಇದ್ದರೆ 3. ಒಟ್ಟು 18ರಲ್ಲಿ 14 ಅಥವಾ ಜಾಸ್ತಿ ಬಂದರೆ ಗಂಭೀರ. ಐದು ನಿಮಿಷದ ಕೆಲಸ. ಇದರ ಜೊತೆ ಫೋಟೊ, ಎಕ್ಸ್‌ರೇ, ಹಲ್ಲಿನ ಅಚ್ಚು ಇಲ್ಲವೇ ಸ್ಕ್ಯಾನ್ ಬೇಕು. ಆರು ತಿಂಗಳ ನಂತರ ಮತ್ತೆ ತೆಗೆದು ಹೋಲಿಸಿದರೆ ಸವೆತ ನಡೆಯುತ್ತಿದೆಯಾ, ನಿಂತಿದೆಯಾ ಎಂದು ತಿಳಿಯುತ್ತದೆ. ಒಂದು ಸುಳಿವು ಕಣ್ಣಿಗೇ ಸಿಗುತ್ತದೆ. ಎಲೆ ಅಡಿಕೆ ಹಾಕುವವರ ಸವೆದ ಜಾಗದಲ್ಲಿ ಕಂದು ಕಲೆ ಕೂತಿದ್ದರೆ ಸವೆತ ಸದ್ಯ ನಿಂತಿರಬಹುದು. ಬಾಯಿ ತುಂಬ ಕಲೆ ಇದ್ದು ಸವೆದ ಜಾಗ ಮಾತ್ರ ಫಳಫಳ ಎನ್ನುತ್ತಿದ್ದರೆ, ಅದು ಇನ್ನೂ ಕರಗುತ್ತಿದೆ.

28 ರೂಟ್ ಕೆನಾಲ್, 28 ಕ್ಯಾಪ್ ಎಂಬ ಸಲಹೆಗೆ ಬರೋಣ. ಪೂರ್ತಿ ಕ್ಯಾಪ್ ಕೂರಿಸಲು ಹಲ್ಲನ್ನು ಸುತ್ತಲೂ ಕೊರೆಯಬೇಕು. ಹಲ್ಲಿನ ಮೇಲ್ಭಾಗದ ಸುಮಾರು ಮೂರನೇ ಎರಡು ಭಾಗ ಹೋಗುತ್ತದೆ ಎಂದು ತೂಕ ಮಾಡಿ ನೋಡಿದ ಸಂಶೋಧನೆ ಹೇಳುತ್ತದೆ. ಹಲ್ಲು ಸಾಕಷ್ಟು ಕಳೆದುಕೊಂಡವರಿಂದ ಉಳಿದದ್ದನ್ನೂ ಕಿತ್ತುಕೊಳ್ಳುವುದು ಯಾವ ನ್ಯಾಯ? ಇನ್ನು ರೂಟ್ ಕೆನಾಲ್, ಅಂದರೆ ಹಲ್ಲಿನೊಳಗಿನ ನರ ತೆಗೆದು ಆ ಜಾಗ ತುಂಬುವುದು. ನರಕ್ಕೆ ಸೋಂಕು ತಗುಲಿದ್ದರೆ, ನರ ಸತ್ತಿದ್ದರೆ, ಅಥವಾ ಹಲ್ಲು ಬುಡದವರೆಗೆ ಹೋಗಿ ಹಿಡಿತಕ್ಕೆ ಬೇರಿನೊಳಗೆ ಕಡ್ಡಿ ಇಡಲೇಬೇಕಾದರೆ ಅದು ಬೇಕು. ತಣ್ಣೀರಿಗೆ ಕ್ಷಣ ಮಾತ್ರ ಜುಮ್ಮೆನ್ನುವ ಹಲ್ಲಿನ ನರ ಜೀವಂತ ಇದೆ ಎಂದೇ ಅರ್ಥ. ನಿಧಾನವಾಗಿ ಸವೆಯುವ ಹಲ್ಲು ಒಳಗಿನಿಂದ ಹೊಸ ಡೆಂಟಿನ್ ಕಟ್ಟಿಕೊಂಡು ನರವನ್ನು ಹಿಂದಕ್ಕೆ ಸರಿಸುತ್ತದೆ. ಜೀವ ಇರುವ ಹಲ್ಲನ್ನು ಕ್ಯಾಪ್ ಹಾಕಲು ಅನುಕೂಲ ಎಂದು ಸಾಯಿಸುವುದು ನನಗೆ ಒಪ್ಪಿಗೆ ಇಲ್ಲ. ರೋಗಿಯ ಬಾಯಿಗಿಂತ ಕ್ಲಿನಿಕ್ಕಿನ ಟೈಮ್‌ಟೇಬಲ್ಲಿಗೆ ಅದು ಹೆಚ್ಚು ಒಗ್ಗುತ್ತದೆ.

ಹಾಗಾದರೆ ಏನು ಮಾಡಬಹುದು? ಕೊರೆಯದೆ ಸೇರಿಸುವುದು. ಹಲ್ಲಿನ ಬಣ್ಣದ ಕಾಂಪೋಸಿಟ್ ಎಂಬ ವಸ್ತುವನ್ನು ಉಳಿದ ಹಲ್ಲಿಗೆ ಅಂಟಿಸಿ ಹಳೆಯ ಆಕಾರ ಕಟ್ಟುವುದು. 1955ರಲ್ಲಿ ಅಮೆರಿಕದ ಬುವೊನೊಕೋರ್ ಎಂಬವರು, ಎನಾಮೆಲ್ ಮೇಲೆ ಸ್ವಲ್ಪ ಹೊತ್ತು ಫಾಸ್ಫರಿಕ್ ಆಮ್ಲ ಹಚ್ಚಿ ತೊಳೆದರೆ ಅದು ಒರಟಾಗಿ, ರೆಸಿನ್ ಎಂಬ ಪ್ಲಾಸ್ಟಿಕ್ಕಿನಂಥ ವಸ್ತು ಬಿಗಿಯಾಗಿ ಹಿಡಿಯುತ್ತದೆ ಎಂದು ತೋರಿಸಿದರು. ಇಂದಿನ ಅಂಟಿಸುವ ಚಿಕಿತ್ಸೆಗಳೆಲ್ಲ ಅಲ್ಲಿಂದ ಬಂದವು. ಕೋಲಾದಲ್ಲಿ ಇರುವುದೂ ಫಾಸ್ಫರಿಕ್ ಆಮ್ಲವೇ. ನಾವು ಲೆಕ್ಕ ಮಾಡಿ ಕೆಲವು ಸೆಕೆಂಡು ಹಚ್ಚುವುದನ್ನು, ತುಂಬ ನೀರಾದ ರೂಪದಲ್ಲಾದರೂ, ಜನ ದಿನವಿಡೀ ಹೀರುತ್ತಾರೆ.

ಇಲ್ಲಿ ಒಂದು ತೊಡಕು. ಹಲ್ಲು ಸವೆದಂತೆ ಅದು ಮೂಳೆಯ ಸಮೇತ ಮೆಲ್ಲಗೆ ಹೊರಬಂದು ಎದುರು ಹಲ್ಲನ್ನು ಮುಟ್ಟುತ್ತಲೇ ಇರುತ್ತದೆ. ಅದಕ್ಕೇ ಹಲ್ಲು ಗಿಡ್ಡ ಆದರೂ ಬಾಯಿ ಮುಚ್ಚಿದಾಗ ಸಂದು ಕಾಣುವುದಿಲ್ಲ. ಮುಖವೂ ಅಷ್ಟಾಗಿ ಕುಗ್ಗುವುದಿಲ್ಲ. ಹೊಸದಾಗಿ ಎರಡು ಮಿಲಿಮೀಟರ್ ಸೇರಿಸಲು ಜಾಗ ಎಲ್ಲಿಂದ ತರುವುದು? ಹಿಂದೆ ಆ ಜಾಗವನ್ನು ಹಲ್ಲು ಕೊರೆದೇ ಮಾಡುತ್ತಿದ್ದರು.

1975ರಲ್ಲಿ ನಾರ್ವೆಯ ಡಾಲ್ ಮತ್ತು ಅವರ ಸಹೋದ್ಯೋಗಿಗಳು ಬೇರೆ ದಾರಿ ತೋರಿಸಿದರು. ಮುಂದಿನ ಹಲ್ಲು ತೀರಾ ಸವೆದಿದ್ದ 18 ವರ್ಷದ ಒಬ್ಬ ರೋಗಿಗೆ ಮೇಲಿನ ಮುಂದಿನ ಹಲ್ಲುಗಳ ಹಿಂದೆ ಲೋಹದ ಸಣ್ಣ ಪಟ್ಟಿ ಕೂರಿಸಿದರು. ಬಾಯಿ ಮುಚ್ಚಿದಾಗ ಮುಂದಿನ ಹಲ್ಲುಗಳು ಮಾತ್ರ ತಾಗುತ್ತಿದ್ದವು, ಹಿಂದಿನ ಹಲ್ಲುಗಳು ಒಂದಕ್ಕೊಂದು ಮುಟ್ಟುತ್ತಿರಲಿಲ್ಲ. ಕೆಲವು ತಿಂಗಳಲ್ಲಿ ಹಿಂದಿನ ಹಲ್ಲುಗಳು ತಾವಾಗಿ ಬೆಳೆದು ಬಂದು ಸೇರಿಕೊಂಡವು, ಮುಂದಿನವು ಸ್ವಲ್ಪ ಒಳಗೆ ಸರಿದವು. ಪಟ್ಟಿ ತೆಗೆದಾಗ ಮುಂದೆ ಜಾಗ ಸಿದ್ಧ! ಈಗ ಲೋಹದ ಪಟ್ಟಿ ಬೇಕಿಲ್ಲ. ಕಾಂಪೋಸಿಟ್ಟನ್ನೇ ಎತ್ತರಕ್ಕೆ ಕಟ್ಟಿಬಿಡುತ್ತೇವೆ. ಹಿಂದಿನ ಹಲ್ಲು ಸಾಮಾನ್ಯವಾಗಿ ಆರು ತಿಂಗಳ ಆಸುಪಾಸಿನಲ್ಲಿ ಸೇರುತ್ತವೆ, ಕೆಲವರಿಗೆ ವರ್ಷ ದಾಟುತ್ತದೆ. ಮೊದಲ ಕೆಲವು ವಾರ ಹಿಂಸೆಯೇ. ಹಿಂದೆ ಅಗಿಯಲು ಆಗುವುದಿಲ್ಲ, 'ಸ' ಹೇಳುವಾಗ ಮಾತು ತೊದಲುತ್ತದೆ. ಚಪಾತಿ ಬದಲು ಗಂಜಿ, ಇಡ್ಲಿ. ಇದನ್ನು ಮೊದಲೇ ಹೇಳದೆ ಕಳಿಸಿದರೆ ರೋಗಿ ಮರುದಿನವೇ ಜಗಳಕ್ಕೆ ಬರುತ್ತಾರೆ, ಬರಲೂಬೇಕು.

ಆದರೆ ಇದು ಮುಂದಿನ ಹಲ್ಲು ಮಾತ್ರ ಸವೆದವರಿಗೆ ಹೇಳಿ ಮಾಡಿಸಿದ್ದು. ನಿಮ್ಮ ದವಡೆ ಹಲ್ಲೂ ಸವೆದ ಹಾಗಿದೆ. ತುಂಬ ಸವೆದಿದ್ದರೆ ಅವುಗಳ ಮೇಲೂ ಕಾಂಪೋಸಿಟ್ ಸೇರಿಸಿ, ಇಡೀ ಬಾಯಿಯನ್ನು ಒಟ್ಟಿಗೆ ಎರಡು ಮೂರು ಮಿಲಿಮೀಟರ್ ಎತ್ತರಿಸಬಹುದು. ಬಹುತೇಕ ಜನರ ದವಡೆ ಇದಕ್ಕೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಮೊದಲು ಅಚ್ಚಿನ ಮೇಲೆ ಮೇಣದಲ್ಲಿ ಹೊಸ ಹಲ್ಲು ರೂಪಿಸಿ, ಅದರ ಪ್ರತಿಯನ್ನು ನಿಮ್ಮ ಬಾಯಲ್ಲೇ ತಾತ್ಕಾಲಿಕವಾಗಿ ಕೂರಿಸಿ ತೋರಿಸಲು ಹೇಳಿ. ನಕ್ಕು ನೋಡಿ, ಮಾತಾಡಿ ನೋಡಿ, ಮನೆಯವರಿಗೂ ತೋರಿಸಿ. ಹಿಡಿಸಿದರೆ ಮುಂದಿನ ಹೆಜ್ಜೆ.

ಕಾಂಪೋಸಿಟ್ ಶಾಶ್ವತ ಅಲ್ಲ. ಐದಾರು ವರ್ಷದಲ್ಲಿ ಕೆಲವು ಕಡೆ ಚೂರು ಹಾರುತ್ತದೆ, ಅಂಚಿನಲ್ಲಿ ಕಲೆ ಕೂರುತ್ತದೆ. ನೀವು ಎಲೆ ಅಡಿಕೆ ಬಿಡದಿದ್ದರೆ ಇನ್ನೂ ಬೇಗ. ಆದರೆ ಹಾರಿದ ಚೂರಿಗೆ ಅರ್ಧ ಗಂಟೆಯಲ್ಲಿ ತೇಪೆ ಹಾಕಬಹುದು. ಕ್ಯಾಪ್ ಕೆಟ್ಟರೆ ಹಾಗಲ್ಲ, ಹಲವು ಸಲ ಹಲ್ಲೇ ಮುರಿದು ಬರುತ್ತದೆ. ಹಲ್ಲಿನ ಗೋಡೆಗಳೇ ಇಲ್ಲದಿದ್ದರೆ, ದೊಡ್ಡ ಹಳೆ ಫಿಲ್ಲಿಂಗ್ ಸುತ್ತ ಬಿರುಕಿದ್ದರೆ, ಅಂಥ ಆಯ್ದ ಹಲ್ಲಿಗೆ ಕ್ಯಾಪ್ ಸರಿಯೇ. ದವಡೆ ಹಲ್ಲಿನ ಮೇಲ್ಭಾಗವನ್ನಷ್ಟೇ ಮುಚ್ಚುವ ತೆಳು ಪಿಂಗಾಣಿ ಹೊದಿಕೆಯೂ ಇದೆ, ಅದನ್ನು ಆನ್‌ಲೇ ಎನ್ನುತ್ತಾರೆ. ಅದಕ್ಕೆ ಕೊರೆತ ತುಂಬ ಕಡಿಮೆ. ಕಾಂಪೋಸಿಟ್ಟಿನಲ್ಲಿ ಒಂದೆರಡು ವರ್ಷ ಕಳೆದು, ಹೊಸ ಎತ್ತರ ಒಗ್ಗಿದ ಮೇಲೆ ದುಡ್ಡು ಕೂಡಿದ ಹಾಗೆ ಒಂದೊಂದೇ ಹಲ್ಲಿಗೆ ಹಾಕಿಸಿಕೊಳ್ಳಬಹುದು.

ಯಾವುದನ್ನೂ ಶುರುಮಾಡುವ ಮೊದಲು ಆಮ್ಲ ಹತೋಟಿಗೆ ಬರಬೇಕು. ಇಲ್ಲದಿದ್ದರೆ ಕಾಂಪೋಸಿಟ್ಟಿನ ಸುತ್ತ ಹಲ್ಲು ಕರಗಿ, ನಿಮ್ಮ ಬೆಳ್ಳಿ ಫಿಲ್ಲಿಂಗಿಗೆ ಆದದ್ದೇ ಅದಕ್ಕೂ ಆಗುತ್ತದೆ. ಆಮ್ಲವನ್ನು ಹತೋಟಿಗೆ ತರುವ ಆ ಎರಡು ಮೂರು ತಿಂಗಳಲ್ಲಿ ಮಾಡಬೇಕಾದ್ದು ಕಡಿಮೆ ಖರ್ಚಿನದು. ಮೆತ್ತನೆ ಬ್ರಷ್, ಹಗುರ ಕೈ. ಡಬ್ಬಿಯ ಮೇಲೆ ಫ್ಲೋರೈಡ್ ಎಂದು ಬರೆದಿರುವ ಪೇಸ್ಟ್, ಹೆಚ್ಚು ಕಡಿಮೆ 1000 ಪಿಪಿಎಂ. ಸ್ಟ್ಯಾನಸ್ ಫ್ಲೋರೈಡ್ ಇರುವುದು ಸಿಕ್ಕರೆ ಇನ್ನೂ ಒಳ್ಳೆಯದು, ಆಮ್ಲದ ಸವೆತಕ್ಕೆ ಅದು ಜಾಸ್ತಿ ತಡೆ ಕೊಡುತ್ತದೆ. ಬಿಳುಪು ಮಾಡುವ ಒರಟು ಪೇಸ್ಟ್ ಬೇಡ. ಹಲ್ಲನ್ನು ಸವೆಸುವುದರಲ್ಲಿ ಬ್ರಷ್ಷಿಗಿಂತ ಪೇಸ್ಟಿನ ಕಣಗಳ ಪಾಲೇ ದೊಡ್ಡದು. ಹುಳಿ ಕುಡಿದ ಮೇಲೆ, ಹುಳಿತೇಗು ಬಂದ ಮೇಲೆ ಬಾಯಿ ಮುಕ್ಕಳಿಸಿ, ತಕ್ಷಣ ಬ್ರಷ್ ಮಾಡಬೇಡಿ. ಉಜ್ಜಿದ ಮೇಲೆ ನೊರೆ ಉಗಿಯಿರಿ, ನೀರು ಹಾಕಿ ಪೂರ್ತಿ ತೊಳೆಯಬೇಡಿ.

ಹಲ್ಲು ಕಡಿತಕ್ಕೆ ಮದ್ದು ಎಂದು ಒಂದು ಮಾತ್ರೆ ಇಲ್ಲ. ರಾತ್ರಿ ಹಾಕುವ ಗಟ್ಟಿ ಅಕ್ರಿಲಿಕ್ಕಿನ ನೈಟ್ ಗಾರ್ಡ್ ಕಡಿತ ನಿಲ್ಲಿಸುವುದಿಲ್ಲ, ಕಡಿತದ ಏಟನ್ನು ತಾನು ತಿನ್ನುತ್ತದೆ. ಅದನ್ನು ಕಾಂಪೋಸಿಟ್ ಕೆಲಸ ಮುಗಿದ ಮೇಲೆ ಅಳತೆ ತೆಗೆದು ಮಾಡಿಸಬೇಕು. ಆನ್‌ಲೈನಿನ ಮೆತ್ತನೆ ರಬ್ಬರಿನದು ತೆಗೆದುಕೊಳ್ಳಬೇಡಿ, ಕೆಲವರು ಅದನ್ನು ಚೂಯಿಂಗ್ ಗಮ್ಮಿನಂತೆ ಇನ್ನಷ್ಟು ಅಗಿಯುತ್ತಾರೆ. ಎದೆಯುರಿ ನಿಲ್ಲದೆ ಗಾರ್ಡ್ ಹಾಕಿದರೆ ಆಮ್ಲ ಅದರೊಳಗೆ ಸಿಕ್ಕಿಕೊಳ್ಳಬಹುದು, ಹಾಗಾಗಿ ಮೊದಲು ಹೊಟ್ಟೆ. ಜೋರು ಗೊರಕೆ ಇದ್ದರೆ ನಿದ್ದೆಯ ಪರೀಕ್ಷೆ ಮಾಡಿಸಿ. ಹಗಲಲ್ಲೂ ಒಮ್ಮೆ ನಿಮ್ಮನ್ನು ನೀವೇ ಗಮನಿಸಿ. ಬಿಲ್ ಲೆಕ್ಕ ಹಾಕುವಾಗ ಹಲ್ಲು ಕಚ್ಚಿ ಹಿಡಿಯುತ್ತೀರಾ? ಸುಮ್ನೆ ಕೂತಾಗ ತುಟಿ ಸೇರಿರಬೇಕು, ಹಲ್ಲು ಬಿಟ್ಟಿರಬೇಕು.

ದುಡ್ಡಿನ ವಿಷಯ. ಮುಂಬಯಿ ಸೆಂಟ್ರಲ್ ಹತ್ತಿರದ ನಾಯರ್ ಡೆಂಟಲ್ ಕಾಲೇಜು ಮಹಾನಗರ ಪಾಲಿಕೆಯದು, ಸಿಎಸ್‌ಎಂಟಿ ರೈಲು ನಿಲ್ದಾಣದ ಹತ್ತಿರ ಸರ್ಕಾರಿ ದಂತ ಕಾಲೇಜಿದೆ. ಎರಡರಲ್ಲೂ ಪ್ರಾಸ್ತೊಡಾಂಟಿಕ್ಸ್ ವಿಭಾಗ ಇದೆ. ಗೋವಾದವರಿಗೆ ಬಾಂಬೋಲಿಮ್‌ನಲ್ಲಿ ಸರ್ಕಾರಿ ಡೆಂಟಲ್ ಕಾಲೇಜು. ಖರ್ಚು ಖಾಸಗಿಗಿಂತ ತುಂಬ ಕಡಿಮೆ, ಆದರೆ ಸಾಲಿನಲ್ಲಿ ಕಾಯಬೇಕು, ಹಲವು ಸಲ ಹೋಗಬೇಕು. ನಿಮ್ಮದು ಸಂಜೆಯ ಕೆಲಸವಾದರೆ ಬೆಳಗಿನ ಒಪಿಡಿ ಹೊಂದುತ್ತದೆ. ಎಲ್ಲಿಗೇ ಹೋಗಿ, ಡಾಕ್ಟರನ್ನು ಇಷ್ಟು ಕೇಳಿ: ನನ್ನ ಹಲ್ಲು ಯಾಕೆ ಸವೆಯುತ್ತಿದೆ? ಈ ಚಿಕಿತ್ಸೆಗೆ ನನ್ನ ಹಲ್ಲು ಎಷ್ಟು ಕೊರೆಯುತ್ತೀರಿ? ಕೆಟ್ಟರೆ ಮುಂದೇನು? ಮೊದಲ ಪ್ರಶ್ನೆಗೇ ಉತ್ತರ ಸಿಗದಿದ್ದರೆ ಮುಂಗಡ ಕೊಡಬೇಡಿ.

ಮಗಳ ಬಗ್ಗೆ ಗಾಬರಿ ಬೇಡ. ಆ ವಯಸ್ಸಿನ ಮಕ್ಕಳು ನಿದ್ದೆಯಲ್ಲಿ ಹಲ್ಲು ಕಡಿಯುವುದು ತುಂಬ ಸಾಮಾನ್ಯ, ಬಹುತೇಕರಲ್ಲಿ ದೊಡ್ಡವರಾದಂತೆ ತಾನಾಗಿ ನಿಲ್ಲುತ್ತದೆ. ಈಗ ಸವೆಯುತ್ತಿರುವುದು ಹೆಚ್ಚಾಗಿ ಬೀಳುವ ಹಾಲುಹಲ್ಲು. ಹೊಟ್ಟೆಹುಳಕ್ಕೆ ಹಲ್ಲು ಕಡಿಯುತ್ತಾಳೆ ಎಂದು ಹಿರಿಯರು ಹೇಳಿದರೆ, ಹುಳದ ಮಾತ್ರೆಯನ್ನು ಶಾಲೆಯಲ್ಲಿ ಕೊಡುವಾಗ ಕೊಡಿಸಿ, ಆದರೆ ಅದರಿಂದ ಕಡಿತ ನಿಲ್ಲುತ್ತದೆ ಎಂದು ಕಾಯಬೇಡಿ. ಅವಳು ಗೊರಕೆ ಹೊಡೆಯುತ್ತಾಳಾ, ಬಾಯಿ ತೆರೆದು ಮಲಗುತ್ತಾಳಾ ನೋಡಿ. ಹೌದಾದರೆ ಮೂಗಿನ ಹಿಂದಿನ ಅಡಿನಾಯ್ಡ್ ಅಥವಾ ಟಾನ್ಸಿಲ್ ದೊಡ್ಡದಾಗಿರಬಹುದು, ಇಎನ್‌ಟಿ ಡಾಕ್ಟರಿಗೆ ತೋರಿಸಿ. ಹಾಗೇನೂ ಇಲ್ಲದಿದ್ದರೆ ಆರು ತಿಂಗಳಿಗೊಮ್ಮೆ ಹಲ್ಲು ತೋರಿಸಿಕೊಂಡು ಬನ್ನಿ. ಟಿಫಿನ್ ಡಬ್ಬಿಯ ಜೊತೆ ಪ್ಯಾಕೆಟ್ ಜ್ಯೂಸ್ ಕಳಿಸುತ್ತಿದ್ದರೆ ಅದನ್ನು ನಿಲ್ಲಿಸಿ, ನೀರಿನ ಬಾಟಲಿ ಸಾಕು.